ಲಾಡ್ಜಿನ ಹಿತ್ತಲು ನೋಡಿ ಬನ್ನಿ

ಪ್ರಶ್ನೆ: ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಜನವರಿ ಕೊನೆಗೆ ಮೂರು ದಿನ ರಜೆ ಹೊಂದಿಸಿಕೊಂಡು ಅತ್ತೆ, ಮಾವ, ಇಬ್ಬರು ಮಕ್ಕಳ ಜೊತೆ ಹೊನ್ನಾವರ, ಕುಮಟಾ ಕಡೆಯ ಕಡಲ ತೀರದಲ್ಲಿ ಎರಡು ರಾತ್ರಿ ಉಳಿಯಬೇಕೆಂದಿದ್ದೇವೆ. ಒಂದು ಲಾಡ್ಜಿನವರು ತಮ್ಮದು ಸಂರಕ್ಷಿತ ತೀರದಲ್ಲಿರುವ ಪರಿಸರಸ್ನೇಹಿ ಲಾಡ್ಜ್ ಎನ್ನುತ್ತಾರೆ. ಎಸಿ ಇಲ್ಲ, ಟಿವಿ ಇಲ್ಲ, ರಾತ್ರಿ ಒಂಬತ್ತಕ್ಕೆ ಹೊರಗಿನ ದೀಪ ಆರಿಸುತ್ತಾರಂತೆ, ಸ್ನಾನಕ್ಕೆ ಬಕೆಟ್ ಲೆಕ್ಕದ ನೀರಂತೆ. ಬಾಡಿಗೆ ಮಾತ್ರ ಊರೊಳಗಿನ ಹೋಟೆಲಿನ ಎರಡರಷ್ಟು. 'ಇಲ್ಲದ್ದಕ್ಕೆಲ್ಲ ದುಡ್ಡು ಯಾಕೆ ಕೊಡಬೇಕು' ಅಂತ ನಮ್ಮ ಮನೆಯವರ ಪ್ರಶ್ನೆ. ನಿಜವಾಗಿ ಪರಿಸರದ ಕಾಳಜಿ ಇರುವ ಲಾಡ್ಜನ್ನು ಗುರುತಿಸುವುದು ಹೇಗೆ? ಮಕ್ಕಳಿಗೆ ಕಡಲಾಮೆ ಕಾಣಸಿಗುತ್ತದೆಯೇ? ಅತ್ತೆಯವರಿಗೆ ಮಂಡಿನೋವು, ಅವರಿಗೆ ಕಷ್ಟವಾಗುತ್ತದೆಯೇ?

ಉತ್ತರ: ಮೇಡಂ, ಖಂಡಿತ ಹೋಗಿ ಬನ್ನಿ. ನಾನು ದಾವಣಗೆರೆಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದಷ್ಟೂ ವರ್ಷ ವಿದ್ಯಾರ್ಥಿಗಳನ್ನು ಚಳಿಗಾಲದಲ್ಲಿ ಅದೇ ಕಡಲಿಗೆ ಕರೆದುಕೊಂಡು ಹೋಗಿದ್ದೇನೆ. ನಿವೃತ್ತಿಯಾದ ಮೇಲೂ ಹೋಗುವುದು ತಪ್ಪಿಲ್ಲ. ನಮ್ಮ ಬಯಲುಸೀಮೆಯ ಮಕ್ಕಳು ಮೊದಲ ಸಲ ಅಲೆ ಕಂಡಾಗ ಮಾತು ನಿಂತು ಹೋಗುತ್ತದಲ್ಲ, ಅದನ್ನು ನೋಡುವುದಕ್ಕಾದರೂ ಹೋಗಬೇಕು ಅನ್ನಿಸುತ್ತದೆ.

ನಿಮ್ಮ ಮನೆಯವರ ಪ್ರಶ್ನೆ ನ್ಯಾಯವಾದದ್ದೇ. ಬೋರ್ಡಿನ ಮೇಲೆ 'ಇಕೋ' ಅಂತ ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲ. ತೆಂಗಿನ ಗರಿಯ ಮಾಡು, ಬಿದಿರಿನ ಕುರ್ಚಿ, ಮಣ್ಣಿನ ಲೋಟ ಇಷ್ಟಿದ್ದರೆ ಫೋಟೋದಲ್ಲಿ ಎಲ್ಲ ಲಾಡ್ಜೂ ಪರಿಸರಸ್ನೇಹಿಯೇ. ಆದರೆ ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಮನೆ ನೋಡಲು ಹೋದ ಹಿರಿಯರು ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಎದ್ದು ಬರುತ್ತಾರೆಯೇ? ಮಾತಾಡುತ್ತಲೇ ಬಾವಿ ಹೇಗಿದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಹಿತ್ತಲು ಹೇಗಿಟ್ಟುಕೊಂಡಿದ್ದಾರೆ ಎಂದು ನೋಡಿಕೊಂಡೇ ಬರುತ್ತಾರೆ. ಕಡಲ ತೀರದ ಲಾಡ್ಜನ್ನೂ ಹಾಗೇ ನೋಡಬೇಕು.

ಇದನ್ನು ನಾನು ಕಲಿತದ್ದು ಒಂದು ಬೆಳಗಿನ ಜಾವ. ಬಹಳ ವರ್ಷದ ಹಿಂದೆ, ಹೆಸರು ಬೇಡ, ಇಂಥದ್ದೇ ಒಂದು ಲಾಡ್ಜಿನಲ್ಲಿ ಹುಡುಗರ ಜೊತೆ ಉಳಿದಿದ್ದೆ. ಬಂದವರಿಗೆಲ್ಲ ಎಳನೀರು ಕೊಟ್ಟು, ಸೆಣಬಿನ ಚೀಲ ಉಡುಗೊರೆ ಕೊಟ್ಟು ಬರಮಾಡಿಕೊಂಡಿದ್ದರು. ಬೆಳಿಗ್ಗೆ ಐದೂವರೆಗೆ ಹಕ್ಕಿ ನೋಡಲೆಂದು ಎದ್ದವನು ಅಡುಗೆಮನೆಯ ಹಿಂದೆ ಕಾಗೆಗಳ ಗದ್ದಲ ಕೇಳಿ ಅತ್ತ ಹೋದೆ. ಗೋಡೆಯಿಂದ ಹೊರಬಂದ ಪಿವಿಸಿ ಪೈಪು ನೇರ ಮರಳು ದಿಬ್ಬದೊಳಕ್ಕೆ ತಲೆ ತೂರಿಸಿತ್ತು. ಅನ್ನದ ಅಗುಳು, ಎಣ್ಣೆಯ ಪೊರೆ, ಸೋಪಿನ ನೊರೆ ಎಲ್ಲ ಸೇರಿ ಬೂದುಬಣ್ಣದ ನೀರು ಮರಳಿನಲ್ಲಿ ಇಂಗುತ್ತಿತ್ತು. ದಿಬ್ಬವನ್ನು ಹಿಡಿದು ನಿಲ್ಲಿಸುವ ಅಡುಂಬು ಬಳ್ಳಿ, ನೇರಳೆ ಹೂ ಬಿಡುತ್ತದಲ್ಲ ಅದು, ಆ ಜಾಗದಲ್ಲಿ ಮಾತ್ರ ಕರಕಲಾಗಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ಒಂದು ಬಾವಿ. ಪಕ್ಕದ ಮೀನುಗಾರರ ಮನೆಯ ಹೆಣ್ಣುಮಗಳೊಬ್ಬಳು ಕೊಡ ಇಟ್ಟುಕೊಂಡು ನೀರು ಸೇದುತ್ತಿದ್ದಳು. ಕೈಯಲ್ಲಿದ್ದ ಆ ಸೆಣಬಿನ ಚೀಲ ನನಗೆ ಭಾರವಾಯಿತು. ಅಂದಿನಿಂದ ಎಲ್ಲಿ ಉಳಿದರೂ ಮೊದಲು ಹಿತ್ತಲಿಗೆ ಹೋಗುತ್ತೇನೆ.

ಕಡಲ ದಡದಲ್ಲಿ ಸಿಹಿನೀರು ಹೇಗೆ ಸಿಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಮೇಡಂ, ತರಗತಿಯಲ್ಲೂ ಹೇಳಬಹುದು. ಮಳೆಗಾಲದಲ್ಲಿ ಮರಳಿಗೆ ಇಂಗಿದ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಮಜ್ಜಿಗೆಯ ಮೇಲೆ ಬೆಣ್ಣೆ ತೇಲಿದ ಹಾಗೆ. ಸಿಹಿನೀರು ಒಂದು ಘನ ಮೀಟರಿಗೆ ಸುಮಾರು 1000 ಕಿಲೋ ತೂಗಿದರೆ ಸಮುದ್ರದ ನೀರು ಸುಮಾರು 1025 ಕಿಲೋ. ವ್ಯತ್ಯಾಸ ಇಷ್ಟೇ ಇಷ್ಟು. ಅದರಿಂದಾಗಿ ಒಂದು ವಿಚಿತ್ರ ಲೆಕ್ಕ ಹುಟ್ಟುತ್ತದೆ: ಸಮುದ್ರಮಟ್ಟದಿಂದ ಮೇಲೆ ಒಂದು ಮೀಟರ್ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ. ಕೇಳಲು ಸೊಗಸು. ಆದರೆ ಅದೇ ಲೆಕ್ಕವನ್ನು ತಿರುವಿ ನೋಡಿ. ಪಂಪ್ ಹಾಕಿ ಮೇಲಿನ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ, ಕಾಲ ಕಳೆದಂತೆ ಕೆಳಗಿನಿಂದ ಉಪ್ಪುನೀರು 40 ಮೀಟರ್ ಮೇಲೇರುವ ದಾರಿ ತೆರೆದಂತೆ.

ಚಿತ್ರದುರ್ಗದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಬೋರು ಬತ್ತುತ್ತದೆ. ಮುಂದಿನ ವರ್ಷ ಒಳ್ಳೆ ಮಳೆ ಬಂದು ಕೆರೆ ತುಂಬಿದರೆ ಮತ್ತೆ ಒಂದಿಷ್ಟು ನೀರು ಬರುತ್ತದೆ. ಕಡಲ ದಡದ ಬಾವಿ ಉಪ್ಪಾದರೆ ಮತ್ತೆ ಸಿಹಿಯಾಗಲು ವರ್ಷಗಟ್ಟಲೆ ಕಾಯಬೇಕು. ಮತ್ತೆ ಅದು ಲಾಡ್ಜಿನ ಬಾವಿಯಷ್ಟೇ ಆಗಿರುವುದಿಲ್ಲ. ಆ ನೀರಿನ ಪೊರೆ ಇಡೀ ಕೇರಿಗೆ ಒಂದೇ. ಹಾಗಾಗಿ ನಿಮ್ಮ ಲಾಡ್ಜಿನವರು ಬಕೆಟ್ ಲೆಕ್ಕದಲ್ಲಿ ನೀರು ಕೊಡುತ್ತಾರೆಂದರೆ ನನಗೆ ಅವರ ಮೇಲೆ ನಂಬಿಕೆ ಹುಟ್ಟುತ್ತದೆ. ಅಲೆಯಿಂದ ನೂರು ಹೆಜ್ಜೆಗೆ ಈಜುಕೊಳ ಕಟ್ಟಿ, ಹುಲ್ಲುಹಾಸು ಬೆಳೆಸಿ ದಿನವೂ ನೀರು ಹಾಯಿಸುವವರು ಎಷ್ಟೇ ಬಿದಿರು ಬಳಸಲಿ, ನಾನಂತೂ ಅಲ್ಲಿ ಉಳಿಯುವುದಿಲ್ಲ.

ಫೋನ್ ಮಾಡಿದಾಗ ಎರಡೇ ಮಾತು ಕೇಳಿ: ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ. ಕೆಲಸ ಗೊತ್ತಿರುವವರು ತಡವರಿಸದೆ ಹೇಳುತ್ತಾರೆ: ಬಾವಿ ಎಷ್ಟು, ಮಳೆನೀರಿನ ತೊಟ್ಟಿ ಎಷ್ಟು, ಅಡುಗೆಮನೆಯ ಎಣ್ಣೆ ತಡೆಯುವ ಗುಂಡಿ ಎಲ್ಲಿದೆ, ಬಚ್ಚಲ ನೀರು ಬಾಳೆ, ಕೆಸುವಿನ ಮಡಿಗೆ ಹೋಗುತ್ತದೆಯೇ ಎಂದೆಲ್ಲ. ಶೌಚದ ಗುಂಡಿಯ ಬಗ್ಗೆಯೂ ನಾಚದೆ ಕೇಳಿ. ನಮ್ಮ ಎರೆಮಣ್ಣಿನಲ್ಲಿ ಇಂಗುಗುಂಡಿಯ ನೀರು ನಿಧಾನ ಸೋಸಿಕೊಂಡು ಇಳಿಯುತ್ತದೆ. ಕಡಲ ಮರಳಿನಲ್ಲಿ ಅದು ಸರ್ರನೆ ಇಳಿದು ಬಾವಿಯ ನೀರಿಗೆ ಸೇರುತ್ತದೆ. ಆದ್ದರಿಂದ ಅಲ್ಲಿ ತಳ ಮುಚ್ಚಿದ ಟ್ಯಾಂಕು ಬೇಕು, ಅದರ ನೀರನ್ನು ಶುದ್ಧ ಮಾಡುವ ವ್ಯವಸ್ಥೆ ಬೇಕು, ಕಾಲಕಾಲಕ್ಕೆ ಖಾಲಿ ಮಾಡಿಸಬೇಕು. ಇದಕ್ಕೆಲ್ಲ ಖರ್ಚಿದೆ. ಉಪ್ಪುಗಾಳಿಗೆ ಕಬ್ಬಿಣದ ಮೊಳೆ, ಫ್ಯಾನು, ಸೋಲಾರ್ ಫಲಕದ ಚೌಕಟ್ಟು ಬೇಗ ತುಕ್ಕು ಹಿಡಿಯುತ್ತವೆ. ಗರಿಯ ಮಾಡನ್ನು ಆಗಾಗ ಹೊಸದಾಗಿ ಹೊದಿಸಬೇಕು. ಮಳೆಗಾಲದ ತಿಂಗಳುಗಳಲ್ಲಿ ಗಿರಾಕಿಯೇ ಇರುವುದಿಲ್ಲ, ಆದರೂ ಕೆಲಸದವರಿಗೆ ಸಂಬಳ ಕೊಡಬೇಕು. ಕೊಠಡಿಗಳೂ ಕಡಿಮೆ. ಎರಡರಷ್ಟು ಬಾಡಿಗೆ ಇವುಗಳಿಗೆ ಹೋಗುತ್ತಿದ್ದರೆ ಅದು ದುಬಾರಿಯಲ್ಲ. ನಿಮ್ಮ ಮನೆಯವರಿಗೆ ಹೇಳಿ, ಎಸಿ ಇಲ್ಲದ್ದಕ್ಕೆ ಯಾರೂ ದುಡ್ಡು ಕೇಳುತ್ತಿಲ್ಲ. ಬಳಸಿದ ನೀರನ್ನು ನೆರೆಮನೆಯ ಬಾವಿಗೆ ಬಿಡದೆ ಇರುವುದಕ್ಕೆ ಕೇಳುತ್ತಿದ್ದಾರೆ.

ಇನ್ನು ದೀಪದ ವಿಚಾರ. ಆಮೆಯ ಬಗ್ಗೆ ನೀವು ಕೇಳಿದ್ದಕ್ಕೂ ಉತ್ತರ ಇದರಲ್ಲೇ ಇದೆ.

ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆ ಹೆಚ್ಚಾಗಿ ಆಲಿವ್ ರಿಡ್ಲೆ. ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ಬರುವ ಚಿತ್ರ ನೀವು ನೋಡಿರಬಹುದು. ಇಲ್ಲಿ ಹಾಗಿಲ್ಲ. ಇಲ್ಲಿ ಒಂದೊಂದೇ ಆಮೆ, ಒಂದೊಂದು ರಾತ್ರಿ, ಸದ್ದಿಲ್ಲದೆ ಬರುತ್ತದೆ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಅವು ಬರುವ ಕಾಲ, ಅಂದರೆ ನೀವು ಹೋಗುವ ಹೊತ್ತು ಸರಿಯಾಗಿಯೇ ಇದೆ. ಅಲೆ ತಲುಪದ ಒಣಮರಳಿಗೆ ಹತ್ತಿ ಬಂದು, ಹಿಂಗಾಲಿನಲ್ಲಿ ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯಿಂದ ತಟ್ಟಿ ಮಟ್ಟ ಮಾಡಿ ಕಡಲಿಗೆ ಮರಳುತ್ತದೆ. ಮತ್ತೆ ಆ ಗೂಡಿನತ್ತ ತಿರುಗಿ ನೋಡುವುದಿಲ್ಲ. ಸುಮಾರು 45ರಿಂದ 60 ದಿನ ಮರಳಿನ ಬಿಸಿಯೇ ಕಾವು. ಮರಳು ಹೆಚ್ಚು ಬಿಸಿಯಿದ್ದರೆ ಹೆಣ್ಣು ಮರಿಗಳು ಹೆಚ್ಚು, ತಂಪಿದ್ದರೆ ಗಂಡು. ನೆರಳು ಕೊಡುವ ಒಂದು ಕಟ್ಟಡ, ಒಂದು ಸಾಲು ಗಾಳಿಮರ ಕೂಡ ಈ ಲೆಕ್ಕವನ್ನು ಬದಲಿಸಬಲ್ಲದು.

ಮರಿಗಳು ಹೊರಬರುವುದು ಸಾಮಾನ್ಯವಾಗಿ ರಾತ್ರಿ, ಮರಳು ತಣ್ಣಗಾದ ಮೇಲೆ. ಹೊನ್ನಾವರದ ಬಳಿ ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಸೇರಿ ಬಲೆ ಕಟ್ಟಿ ಕಾಯುತ್ತಿದ್ದ ಒಂದು ಗೂಡಿನ ಪಕ್ಕ ನಾನು ಕೂತದ್ದುಂಟು. ಮೊದಲು ಮರಳು ಒಂದು ಬೋಗುಣಿಯಷ್ಟು ಕುಸಿಯಿತು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಕುಸಿದ ಜಾಗದ ನಡುವೆ ಕಪ್ಪಗಿನ ಒಂದು ಮೂತಿ, ಅದರ ಪಕ್ಕ ಇನ್ನೊಂದು. ನೋಡುತ್ತಿದ್ದ ಹಾಗೇ ಹಾಲು ಉಕ್ಕಿದಂತೆ ಮರಿಗಳು ಒಂದರ ಮೇಲೊಂದು ಉಕ್ಕಿ ಬಂದವು. ಒಂದೊಂದೂ ಹೆಬ್ಬೆರಳಿನುದ್ದ, ಇಪ್ಪತ್ತು ಗ್ರಾಂ ತೂಗಿದರೆ ಹೆಚ್ಚು. ಬೆನ್ನ ಮೇಲೆ ಇನ್ನೂ ಮರಳಿನ ಕಣ ಅಂಟಿಕೊಂಡಿತ್ತು. ಅವಕ್ಕೆ ದಾರಿ ಹೇಳುವವರು ಯಾರೂ ಇಲ್ಲ. ದಿಗಂತದಲ್ಲಿ ಕೆಳಗೆ ಯಾವ ಕಡೆ ಹೆಚ್ಚು ಬೆಳಕು ಕಾಣುತ್ತದೋ ಆ ಕಡೆ ಓಡುವುದೊಂದೇ ಅವುಗಳಿಗೆ ಗೊತ್ತು. ಮನುಷ್ಯರಿಲ್ಲದ ತೀರದಲ್ಲಿ ಅದು ಕಡಲೇ ಆಗಿರುತ್ತದೆ, ನಕ್ಷತ್ರದ ಬೆಳಕು ನೀರಿನ ಮೇಲೆ ಹೊಳೆಯುತ್ತಿರುತ್ತದಲ್ಲ. ಅಂದು ಗುಂಪಿನಲ್ಲಿದ್ದ ಪ್ರವಾಸಿಯೊಬ್ಬರು ಫೋಟೋಕ್ಕೆಂದು ಮೊಬೈಲ್ ಟಾರ್ಚ್ ಹಾಕಿದರು. ಅಷ್ಟೇ. ಕಡಲ ಕಡೆ ಹೊರಟಿದ್ದ ಅಷ್ಟೂ ಮರಿಗಳು ತಟ್ಟನೆ ತಿರುಗಿ ನಮ್ಮ ಕಾಲಿನತ್ತ ಬರತೊಡಗಿದವು. ಟಾರ್ಚ್ ಆರಿಸಿದ ಮೇಲೂ ಅವು ಮತ್ತೆ ದಾರಿ ಹಿಡಿಯಲು ಎಷ್ಟೋ ಹೊತ್ತು ಬೇಕಾಯಿತು. ಆ ಟಾರ್ಚಿನ ಜಾಗದಲ್ಲಿ ಇಡೀ ರಾತ್ರಿ ಉರಿಯುವ ಲಾಡ್ಜಿನ ಬಿಳಿ ದೀಪಗಳ ಸಾಲನ್ನು ನೆನೆಸಿಕೊಳ್ಳಿ. ದಾರಿ ತಪ್ಪಿ ದಿಬ್ಬ ಹತ್ತಿದ ಮರಿಯನ್ನು ನಾಯಿ ಹಿಡಿಯುತ್ತದೆ, ಏಡಿ ಎಳೆಯುತ್ತದೆ, ಉಳಿದರೆ ಬೆಳಗಿನ ಬಿಸಿಲಿಗೆ ಒಣಗುತ್ತದೆ. ಮೊಟ್ಟೆಯಿಡಲು ಬಂದ ತಾಯಿಯೂ ಅಷ್ಟೆ, ದಡದಲ್ಲಿ ಬೆಳಕು, ಗದ್ದಲ ಕಂಡರೆ ಅರ್ಧಕ್ಕೇ ತಿರುಗಿ ನೀರಿಗಿಳಿಯುತ್ತದೆ.

ಒಂಬತ್ತಕ್ಕೆ ದೀಪ ಆರಿಸುವುದು ಈ ಕಾರಣಕ್ಕಾದರೆ ಅದು ದೊಡ್ಡ ಕೆಲಸ. ಆದರೂ ಫೋನಿನಲ್ಲಿ ಕೇಳಿ: ಕಡಲಿಗೆ ಮುಖಮಾಡಿದ ದೀಪಗಳಿವೆಯೇ, ಇದ್ದರೆ ಕೆಳಮುಖವಾಗಿ ಮುಚ್ಚಿಗೆ ಹಾಕಿದ್ದಾರೆಯೇ, ಬಣ್ಣ ಯಾವುದು? ಬಿಳಿ, ನೀಲಿ ಬೆಳಕು ಆಮೆಗೆ ಬಹಳ ತೊಂದರೆ. ಮಂದವಾದ ಕೆಂಪು ಅಥವಾ ಕಿತ್ತಳೆ ಬೆಳಕು ಕಡಿಮೆ ತೊಂದರೆ. ಬೀಚಿನ ಮೇಲೆ ಕ್ಯಾಂಪ್‌ಫೈರ್, ಡಿಜೆ ಇದೆ ಎಂದು ಹೆಮ್ಮೆಯಿಂದ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಮಕ್ಕಳಿಗೆ ಆಮೆ ಕಂಡೇ ಕಾಣುತ್ತದೆ ಎಂದು ನಾನು ಹೇಳಲಾರೆ. ಯಾರಾದರೂ 'ಗ್ಯಾರಂಟಿ ತೋರಿಸುತ್ತೇವೆ' ಎಂದರೆ ಅವರನ್ನು ನಂಬಬೇಡಿ, ಏಕೆಂದರೆ ಗೂಡು ಕೆದಕದೆ, ಮರಿಗಳನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟುಕೊಳ್ಳದೆ ಅಂಥ ಮಾತು ಕೊಡಲು ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿ ಕಡಲಾಮೆ ಇದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ, ಮೊಟ್ಟೆ ಮುಟ್ಟುವುದೂ ಅಪರಾಧ. ನೀವಿರುವ ದಿನ ಯಾವುದಾದರೂ ಗೂಡು ಒಡೆಯುವ ಸೂಚನೆ ಇದ್ದರೆ ಇಲಾಖೆಯ ಕಾವಲುಗಾರರು ದೂರದಿಂದ ನೋಡಲು ಬಿಡಬಹುದು. ಆಗ ಮೊಬೈಲನ್ನು ರೂಮಿನಲ್ಲೇ ಬಿಟ್ಟು ಹೋಗಿ. ಮರಿಯನ್ನು ಕೈಯಲ್ಲಿ ಎತ್ತಿ ನೀರಿಗೆ ಬಿಡುವ ಆಸೆ ಮಕ್ಕಳಿಗೆ ಆಗುತ್ತದೆ, ಅದನ್ನೂ ತಡೆಯಿರಿ. ತನ್ನ ಕಾಲಿನಲ್ಲೇ ಆ ಮರಳನ್ನು ದಾಟಿ ಕಡಲು ಸೇರಬೇಕು ಅದು. ದೊಡ್ಡವಾದ ಮೇಲೆ ಹೆಣ್ಣಾಮೆಗಳು ಹುಟ್ಟಿದ ತೀರದ ಆಸುಪಾಸಿಗೇ ಮೊಟ್ಟೆಯಿಡಲು ಹಿಂತಿರುಗುತ್ತವೆ.

ಕತ್ತಲೆಗೆ ಇನ್ನೊಂದು ಲಾಭವಿದೆ. ಚಳಿಗಾಲದ ಕೆಲವು ರಾತ್ರಿ ನಮ್ಮ ಕರಾವಳಿಯಲ್ಲಿ ಅಲೆ ಒಡೆಯುವ ಅಂಚು ನೀಲಿಯಾಗಿ ಹೊಳೆಯುತ್ತದೆ. ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿ ನೀರು ಕದಡಿದಾಗ ಬೆಳಗುವ ಬೆಳಕು ಅದು. ಚಿತ್ರದುರ್ಗದ ಕೋಟೆಯ ಮೇಲಿಂದ ನಕ್ಷತ್ರ ನೋಡಿದ ಮಕ್ಕಳಿಗೆ ಕಾಲಡಿಯ ನೀರಿನಲ್ಲೂ ನಕ್ಷತ್ರ ಕಂಡರೆ ಹೇಗಿರುತ್ತದೆ! ದೀಪ ಉರಿಯುವ ಬೀಚಿನಲ್ಲಿ ಅದು ಇದ್ದರೂ ಕಾಣುವುದಿಲ್ಲ.

'ಸಂರಕ್ಷಿತ' ಎಂಬ ಮಾತನ್ನು ಲಾಡ್ಜಿನವರು ಸಡಿಲವಾಗಿ ಬಳಸುತ್ತಾರೆ, ಅದಕ್ಕೆ ಯಾವ ಅರ್ಥದಲ್ಲಿ ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಜಗಳೂರಿನ ಕಡೆ ನಮ್ಮ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಇದೆಯಲ್ಲ, ಅದು ವನ್ಯಜೀವಿ ಕಾಯ್ದೆಯಡಿ ಘೋಷಿತವಾದದ್ದು. ಅಲ್ಲಿ ಮನಬಂದಂತೆ ಕಟ್ಟಡ ಎಬ್ಬಿಸಲು ಬರುವುದಿಲ್ಲ. ಹೊನ್ನಾವರದ ಬಳಿ ಅಪ್ಸರಕೊಂಡ, ಮುಗಳಿ ಭಾಗದ ಕಡಲನ್ನು ಅದೇ ರೀತಿ ಕಡಲ ವನ್ಯಧಾಮವೆಂದು ಸರ್ಕಾರ ಗುರುತಿಸಿದೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಸಿಕ್ಕಿದ್ದು ಬೇರೆ ಮನ್ನಣೆ: 2024ರ ಆರಂಭದಲ್ಲಿ ಅದರ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಆಗಲೇ ನಮ್ಮ ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಗದಗಿನ ಮಾಗಡಿ ಕೆರೆಯೂ ಸೇರಿದವು ಎಂಬುದು ನಮಗೆ ಸಂತೋಷದ ವಿಷಯ. ಕಾಸರಕೋಡು ಬೀಚಿನಲ್ಲಿ ಹಾರುವ ನೀಲಿ ಬಾವುಟ, ಬ್ಲೂ ಫ್ಲ್ಯಾಗ್, 2020ರಲ್ಲಿ ಬಂದದ್ದು. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ಮುಂತಾದ 33 ಮಾನದಂಡ ನೋಡಿ ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಮನ್ನಣೆ ಅದು. ಒಳ್ಳೆಯದೇ, ಆದರೆ ವನ್ಯಜೀವಿ ರಕ್ಷಣೆಯ ಮುದ್ರೆ ಎಂದು ತಿಳಿಯಬೇಡಿ.

ಇವೆಲ್ಲಕ್ಕೂ ಮೊದಲೇ ಎಲ್ಲ ತೀರಕ್ಕೂ ಅನ್ವಯಿಸುವ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. 1991ರಲ್ಲಿ ಮೊದಲು ಬಂದು, 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಉಬ್ಬರದ ಗೆರೆಯಿಂದ ಒಳಗೆ 500 ಮೀಟರ್‌ವರೆಗೆ ಅದರ ಹಿಡಿತ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೆ ಮೊಟ್ಟೆಯಿಡುವ ತೀರ, ಮರಳು ದಿಬ್ಬ ಇವೆಲ್ಲ ಅತಿ ಬಿಗಿಯಾದ ಮೊದಲ ವರ್ಗದಲ್ಲಿ ಬರುತ್ತವೆ. ನೀವು ಕಾಗದಪತ್ರ ಕೇಳಬೇಕೆಂದಿಲ್ಲ, ಕಣ್ಣಲ್ಲೇ ನೋಡಬಹುದು. ಕಾಟೇಜು ದಿಬ್ಬದ ಹಿಂದೆ ಇದೆಯೋ, ದಿಬ್ಬವನ್ನೇ ಸವರಿ ಮಟ್ಟ ಮಾಡಿ ಅದರ ಮೇಲೆ ಕೂತಿದೆಯೋ? 'ಮಂಚದಿಂದಲೇ ಕಡಲು ಕಾಣುತ್ತದೆ' ಎಂಬ ಜಾಹೀರಾತು ಕಂಡರೆ ದಿಬ್ಬ ಏನಾಯಿತು ಎಂದು ಕೇಳಿ. ಬಿರುಗಾಳಿಯ ದಿನ ಅಲೆಯನ್ನು ತಡೆಯುವುದೂ ಅದೇ ದಿಬ್ಬ, ಮಳೆನೀರನ್ನು ಹಿಡಿದಿಟ್ಟುಕೊಳ್ಳುವುದೂ ಅದೇ.

ಇನ್ನೊಂದು ವಿಷಯ ನನಗೆ ನೀರು, ದೀಪದಷ್ಟೇ ಮುಖ್ಯ. ಆ ತೀರ ಖಾಲಿ ಜಾಗವಲ್ಲ. ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ ಜನ ತಲೆಮಾರುಗಳಿಂದ ದೋಣಿ ಎಳೆದು ನಿಲ್ಲಿಸುವ, ಬಲೆ ಹರಡುವ, ಮೀನು ಒಣಗಿಸುವ ಅಂಗಳ ಅದು. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಆಯುತ್ತಾರೆ. ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಲಾಡ್ಜ್ ಬೇಲಿ ಹಾಕಿ 'ಖಾಸಗಿ ಬೀಚ್' ಎಂದು ಹಲಗೆ ನೆಟ್ಟು ಈ ಜನರ ದಾರಿ ಮುಚ್ಚಿದ್ದರೆ, ಆಮೆಗೆ ಎಷ್ಟು ಒಳ್ಳೆಯದು ಮಾಡಿದರೂ ಅದು ಒಳ್ಳೆಯ ಲಾಡ್ಜ್ ಅಲ್ಲ. ಅಡುಗೆಯವರು, ದೋಣಿಯವರು, ದಾರಿ ತೋರಿಸುವವರು ಯಾವ ಊರಿನವರು ಎಂದು ಕೇಳಿ. ಆಮೆ ಗೂಡು ಎಲ್ಲಿದೆ ಎಂದು ಮೊದಲು ಗೊತ್ತಾಗುವುದು ಬೆಳಗಿನ ಜಾವ ಬಲೆಗೆ ಹೋಗುವ ಮೀನುಗಾರರಿಗೆ. ಅವರು ಮನಸ್ಸು ಮಾಡದೆ ಅಲ್ಲಿ ಏನೂ ಉಳಿಯುವುದಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತಿದೆ: ಈಜು. ನಮ್ಮ ಮಕ್ಕಳು ಭದ್ರಾ ಕಾಲುವೆಯಲ್ಲಿ, ಕೆರೆಯಲ್ಲಿ ಈಜು ಕಲಿತಿರುತ್ತಾರೆ, ಆ ಧೈರ್ಯದಲ್ಲಿ ಕಡಲಿಗೆ ಇಳಿಯುತ್ತಾರೆ. ಕಡಲು ಬೇರೆ. ದಡಕ್ಕೆ ಬಂದ ಅಲೆಗಳ ನೀರು ಮರಳಿ ಹೋಗುವಾಗ ಕೆಲವು ಕಡೆ ಕಾಲುವೆಯಂತೆ ಜೋರಾಗಿ ಒಳಕ್ಕೆ ಸೆಳೆಯುತ್ತದೆ. ಎರಡೂ ಬದಿ ಅಲೆ ಒಡೆದು ಬೆಳ್ಳಗೆ ನೊರೆ ಇದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುತ್ತಿದ್ದರೆ ಅದೇ ಆ ಸೆಳೆತದ ಜಾಗ. ಹೊಸಬರಿಗೆ ಅದೇ ಸುರಕ್ಷಿತವಾಗಿ ಕಾಣುತ್ತದೆ. ನೋವಿನ ಮಾತೆಂದರೆ ನಮ್ಮ ಕಡೆಯಿಂದ ಹೋದ ಎಷ್ಟೋ ಹುಡುಗರು ಹೀಗೆ ಹೋಗಿದ್ದಾರೆ. ಸಿಕ್ಕಿಬಿದ್ದರೆ ದಡದತ್ತ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಸೇರಬೇಕು. ನದಿ ಕಡಲಿಗೆ ಸೇರುವ ಅಳಿವೆಬಾಯಲ್ಲಂತೂ ಕಾಲೇ ಇಡಬೇಡಿ. ಮಕ್ಕಳು ಮಂಡಿಯವರೆಗಿನ ನೀರಿನಲ್ಲಿ, ನೀವು ಒಂದು ಕೈಯಳತೆಯಲ್ಲಿ. ಲಾಡ್ಜಿನಲ್ಲಿ ಜೀವರಕ್ಷಕರು ಇದ್ದಾರೆಯೇ ಎಂದು ಕೇಳಲು ಮರೆಯಬೇಡಿ.

ಅತ್ತೆಯವರ ವಿಚಾರ. ಕಷ್ಟವಾಗುವುದು ಮರಳಿನ ಮೇಲಿನ ನಡಿಗೆ. ವಾಹನ ನಿಲ್ಲುವ ಜಾಗದಿಂದ ಕೋಣೆಗೆ ಎಷ್ಟು ಹೆಜ್ಜೆ, ಹಲಗೆ ಹಾಸಿದ ದಾರಿ ಇದೆಯೇ, ಮೆಟ್ಟಿಲೆಷ್ಟು, ಕೂತುಕೊಳ್ಳುವ ಕಮೋಡ್ ಇದೆಯೇ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸರಳಿದೆಯೇ ಇಷ್ಟು ಕೇಳಿ. ಕಾರವಾರದ ದೇವಬಾಗ್‌ನಂಥ ಕಡೆ ದೋಣಿಯಲ್ಲೇ ಹೋಗಬೇಕಾಗಬಹುದು, ದೋಣಿ ಹತ್ತಿ ಇಳಿಯುವುದು ಮಂಡಿನೋವಿನವರಿಗೆ ತ್ರಾಸು. ಕಾಸರಕೋಡಿನಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ದಾರಿ ಇದೆ. ನಿಧಾನಕ್ಕೆ ನಡೆದು, ಅಲ್ಲಲ್ಲಿ ನಿಂತು, ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳನ್ನು ಅತ್ತೆ, ಮಾವ ಇಬ್ಬರೂ ನೋಡಬಹುದು. ರಾತ್ರಿ ದೀಪ ಇರುವುದಿಲ್ಲವಾದ್ದರಿಂದ ಒಂದು ಸಣ್ಣ ಟಾರ್ಚಿಗೆ ಕೆಂಪು ಬಣ್ಣದ ತೆಳು ಹಾಳೆ ಕಟ್ಟಿಕೊಂಡು ಹೋಗಿ. ಅವರ ಹಾದಿಗೂ ಬೆಳಕಾಗುತ್ತದೆ, ಆಮೆಗೂ ತೊಂದರೆ ಕಡಿಮೆ. ಮಾತ್ರೆಗಳನ್ನು ದುರ್ಗದಿಂದಲೇ ತೆಗೆದುಕೊಂಡು ಹೋಗಿ.

ಸಸ್ಯಾಹಾರ ಬೇಕಿದ್ದರೆ ಮೊದಲೇ ಹೇಳಿಡಿ, ಕುಚ್ಚಲಕ್ಕಿ ಅನ್ನಕ್ಕೆ ಮುರುಗಲ ಸಾರು ಮಾಡಿಕೊಡಿ ಎಂದು ಕೇಳಿ. ನಮ್ಮವರು ಪ್ರವಾಸಕ್ಕೆ ಹೊರಟರೆ ಮಂಡಕ್ಕಿ, ಮಿರ್ಚಿ, ಚಕ್ಕುಲಿ ಇಲ್ಲದೆ ಹೊರಡುವುದಿಲ್ಲ. ತೆಗೆದುಕೊಂಡು ಹೋಗಿ, ಸ್ಟೀಲ್ ಡಬ್ಬಿಯಲ್ಲಿ. ಗಾಳಿಗೆ ಹಾರಿದ ಪ್ಲಾಸ್ಟಿಕ್ ಕವರನ್ನು ಅಲ್ಲಿ ಹಿಡಿಯಲು ಆಗುವುದಿಲ್ಲ, ನೇರ ನೀರಿಗೆ ಹೋಗುತ್ತದೆ. ನೀರಲ್ಲಿ ತೇಲುವ ಕವರನ್ನು ಆಮೆ ಲೋಳೆಮೀನು ಎಂದು ನುಂಗುತ್ತದೆ. ಮತ್ತೆ ಮತ್ತೆ ತುಂಬಿಸಿಕೊಳ್ಳುವ ನೀರಿನ ಬಾಟಲಿ ಆರು ಮಂದಿಗೂ ಒಂದೊಂದು ಇರಲಿ.

ದಾರಿ ನಿಮಗೆ ಗೊತ್ತೇ ಇದೆ: ಹೊಳಲ್ಕೆರೆ ಮೇಲೆ ಶಿವಮೊಗ್ಗ, ಸಾಗರ, ಅಲ್ಲಿಂದ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ. ಘಾಟಿಯನ್ನು ಹಗಲಲ್ಲೇ ದಾಟಿ. ಅದು ಸಿಂಗಳೀಕಗಳ ಕಾಡು. ರಸ್ತೆ ಬದಿಯ ಮಂಗಗಳಿಗೆ ಬಿಸ್ಕತ್ತು ಎಸೆಯದಂತೆ ಮಕ್ಕಳಿಗೆ ಮೊದಲೇ ಹೇಳಿರಿ, ತಿನ್ನಲು ರಸ್ತೆಗಿಳಿದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಆಮೆ ಕಾಣದಿದ್ದರೆ ಮಕ್ಕಳಿಗೆ ನಿರಾಸೆ ಆಗುತ್ತದೆಂಬ ಯೋಚನೆ ಬೇಡ. ಮೊದಲ ದಿನ ಮುಟ್ಟಿದ ಕೂಡಲೇ ನಾಳೆಯ ಇಳಿತ ಎಷ್ಟು ಹೊತ್ತಿಗೆ ಎಂದು ಯಾರಾದರೂ ಮೀನುಗಾರರನ್ನು ಕೇಳಿಟ್ಟುಕೊಳ್ಳಿ, ಹಗಲಿನ ಆ ಹೊತ್ತಿಗೆ ಹೊರಡಿ. ನೀರು ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಸಾಸಿವೆ ಕಾಳಿನಿಂದ ಕಡಲೆ ಕಾಳಿನವರೆಗಿನ ಸಣ್ಣ ಸಣ್ಣ ಮರಳುಂಡೆಗಳು ಸಾಲಾಗಿ ಬಿದ್ದಿರುತ್ತವೆ, ಯಾರೋ ಕೂತು ರಂಗೋಲಿ ಹಾಕಿದಂತೆ. ಎಲ್ಲ ಸಾಲೂ ಒಂದು ರಂಧ್ರದಿಂದ ಕಿರಣದಂತೆ ಹೊರಟಿರುತ್ತವೆ. ಉಗುರಿನಷ್ಟು ಗಾತ್ರದ ಏಡಿ ಮಾಡಿದ ಕೆಲಸ ಅದು. ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿರುವ ಸೂಕ್ಷ್ಮ ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತದೆ. ಮಕ್ಕಳನ್ನು ಐದು ನಿಮಿಷ ಅಲುಗಾಡದೆ ಕೂರಲು ಹೇಳಿ, ಏಡಿ ಹೊರಬಂದು ಮತ್ತೆ ಕೆಲಸ ಶುರು ಮಾಡುತ್ತದೆ. ಗಾಳಿಗೆ ಉರುಳಿಕೊಂಡು ಹೋಗುವ ಮುಳ್ಳುಚೆಂಡು ಕಂಡರೆ ಅದು ರಾವಣನ ಮೀಸೆ ಎಂಬ ಹುಲ್ಲಿನ ಬೀಜದ ತಲೆ, ಎಲ್ಲಿ ಮರಳಿಗೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಹೊಸ ದಿಬ್ಬಕ್ಕೆ ಬೇರು ಬಿಡುತ್ತದೆ. ಅಳಿವೆಯ ಕಡೆ ಉತ್ತರದ ದೇಶಗಳಿಂದ ಬಂದ ಉಲ್ಲಂಕಿ ಹಕ್ಕಿಗಳು ನೀರಿನಂಚಿನಲ್ಲಿ ಓಡಾಡುತ್ತಿರುತ್ತವೆ, ಜನವರಿ ಅವುಗಳಿಗೆ ಒಳ್ಳೆಯ ಕಾಲ. ಬೈನಾಕ್ಯುಲರ್ ಇದ್ದರೆ ಇಟ್ಟುಕೊಳ್ಳಿ. ಬೆಳಿಗ್ಗೆಯಾಗಲಿ ಸಂಜೆಯಾಗಲಿ, ನಡೆಯುವಾಗ ಎಲ್ಲರೂ ಅಲೆ ತೋಯಿಸಿದ ಗಟ್ಟಿ ಮರಳಿನ ಮೇಲೇ ನಡೆಯಿರಿ. ಅತ್ತೆಯವರ ಮಂಡಿಗೂ ಅದೇ ಹಿತ. ಗೂಡುಗಳಿರುವುದು ಅದರ ಮೇಲಿನ ಒಣಮರಳಿನಲ್ಲಿ.